ಗಿರಣಿಯಲ್ಲಿ ಬೇಯುತ್ತಿದ್ದ ಮೊಟ್ಟೆ

ನನ್ನ ತಂಗಿ ಚಂದನಾ ಭಾರತದ ಅಂಗಿ ತೊಟ್ಟು ಹೊರದೇಶದಲ್ಲಿ ಇನ್ನೂರು ಮೀಟರ್ ಓಡಿ ಬಂದ ಮೇಲೆ ನ್ಯಾಮತಿಯ ನಮ್ಮ ಮನೆಗೆ ಕ್ಯಾಮೆರಾ ಹಿಡಿದವರು ಬರತೊಡಗಿದರು. ಅವಳು ಮಲಗುತ್ತಿದ್ದ ಜಾಗ, ಓಡುತ್ತಿದ್ದ ರಸ್ತೆ, ಅಪ್ಪನ ಹಿಟ್ಟಿನ ಗಿರಣಿ ಎಲ್ಲವನ್ನೂ ಚಿತ್ರ ತೆಗೆದುಕೊಂಡು, ಕೊನೆಗೆ ಮರೆತಿದ್ದನ್ನು ನೆನಪಿಸಿಕೊಂಡವರ ಹಾಗೆ ನನ್ನ ಕಡೆ ತಿರುಗಿ, ಅಕ್ಕನಾಗಿ ನಿಮಗೆ ಏನನ್ನಿಸುತ್ತೆ ಅಂತ ಕೇಳುತ್ತಾರೆ. ಹೆಮ್ಮೆ ಅನ್ನುತ್ತೇನೆ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಎದುರಾಳಿ ಇಂಥ ಅರ್ಧ ಉತ್ತರ ಕೊಟ್ಟಿದ್ದರೆ ಅಲ್ಲೇ ಹಿಡಿದು ಅಲ್ಲಾಡಿಸುತ್ತಿದ್ದೆ. ಈಗ ಹೊನ್ನಾಳಿ ಕೋರ್ಟಿನಲ್ಲಿ ದಿನವೂ ಬೇರೆಯವರ ಅರ್ಧ ಉತ್ತರಗಳನ್ನು ಕೇಳುತ್ತ ನಿಂತಾಗ ನನ್ನದೂ ನೆನಪಾಗುತ್ತದೆ. ಉಳಿದರ್ಧ ಹೊಟ್ಟೆಕಿಚ್ಚು. ಅದರ ಜೊತೆಯಲ್ಲೇ ನಾನು ಬೆಳೆದೆ, ಅದೂ ನನ್ನ ಜೊತೆ ಬೆಳೆಯಿತು. ಎಲ್ಲಿ ಹುಟ್ಟಿತು ಅಂತ ಯಾರಾದರೂ ಕೇಳಿದರೆ ಜಾಗವನ್ನೂ ತೋರಿಸಬಲ್ಲೆ: ಗಿರಣಿಯ ಮೂಲೆಯಲ್ಲಿದ್ದ ಮೆಕ್ಕೆಜೋಳದ ಹಿಟ್ಟಿನ ಡಬ್ಬಿ.

ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಇತ್ತು. ರಸ್ತೆಗೆ ಮುಖ ಮಾಡಿ ಗಿರಣಿ, ಅದರ ಬೆನ್ನಿಗೆ ಪಡಸಾಲೆ, ಆಮೇಲೆ ಅಜ್ಜಿಯ ಪೂಜೆಯ ಕೋಣೆ, ಅಡುಗೆಮನೆ, ಕೊನೆಯಲ್ಲಿ ಬಚ್ಚಲು, ಹಿತ್ತಲು. ಗಿರಣಿ ಶುರುವಾದರೆ ಪಡಸಾಲೆಯ ಫೋಟೋಗಳು ಗೋಡೆಯ ಮೇಲೆ ನಡುಗುತ್ತಿದ್ದವು, ಲೋಟದ ನೀರಿನಲ್ಲಿ ಉಂಗುರಗಳೇಳುತ್ತಿದ್ದವು. ನಮ್ಮ ಮನೆಯಲ್ಲಿ ಮಾತು ಅನ್ನುವುದು ಇರಲಿಲ್ಲ, ಕೂಗು ಇತ್ತು. ಅಡುಗೆಮನೆಯಲ್ಲಿ ಅವ್ವ ಹೇಳಿದ್ದನ್ನು ಗಿರಣಿಯಲ್ಲಿದ್ದ ಅಪ್ಪನಿಗೆ ಮುಟ್ಟಿಸುವ ಕೆಲಸ ಮಕ್ಕಳದು. ನಾನು ಪಡಸಾಲೆಯ ಹೊಸಿಲ ಮೇಲೆ ನಿಂತು, ಕಲ್ಲಿನ ಸದ್ದಿಗಿಂತ ಮೇಲೆ ಗಂಟಲು ಏರಿಸಿ ಕೂಗುತ್ತಿದ್ದೆ. ಚಂದೂ ಕೂಗುತ್ತಿರಲಿಲ್ಲ. ಎದ್ದು ಓಡಿ ಹೋಗಿ, ಅಪ್ಪನ ಕಿವಿಯ ಹತ್ತಿರ ಹೇಳಿ, ಓಡಿ ಬರುತ್ತಿದ್ದಳು. ನಾನು ಕೂಗಿದ್ದು ಅಪ್ಪನಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೂ ನೋಡುತ್ತಿರುವಾಗಲೇ ಅವಳು ಉತ್ತರ ತಂದಿರುತ್ತಿದ್ದಳು. ಅವಳ ಕಾಲು, ನನ್ನ ಬಾಯಿ ಎರಡೂ ಆ ಗಿರಣಿಯ ಸದ್ದಿನಿಂದ ಬಂದವು ಅಂತ ನಾನು ಹೇಳಿದರೆ ಜನ ನಗುತ್ತಾರೆ. ಅವಳ ಕಾಲಿನ ಬಗ್ಗೆ ಮಾತ್ರ ಬರೆದುಕೊಳ್ಳುತ್ತಾರೆ.

ನಾವು ತಿನ್ನುತ್ತಿದ್ದ ರೊಟ್ಟಿಗೆ ಒಂದೇ ರುಚಿ ಅಂತ ಇರಲಿಲ್ಲ. ಪ್ರತಿಯೊಬ್ಬರ ಕಾಳು ಬೀಸಿದ ಮೇಲೂ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಸಂಜೆ ಆ ಬಟ್ಟೆಯನ್ನು ಬಡಿದು ಉದುರಿಸಿದ್ದೇ ನಮ್ಮ ಹಿಟ್ಟು. ಜೋಳ, ರಾಗಿ, ಗೋಧಿ, ಮೆಕ್ಕೆಜೋಳ, ಯಾರ ಮನೆಯದು ಎಷ್ಟು ಅಂತ ಹೇಳಲಾಗುತ್ತಿರಲಿಲ್ಲ. ಅಜ್ಜಿ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಬೆಳಗಿನ ಮೊದಲ ಹೊತ್ತಿನಲ್ಲಿ, ಕಲ್ಲು ಒರೆಸಿ, ಬೀಸಿದ ಹಿಟ್ಟಿನ ರೊಟ್ಟಿ ಅವಳಿಗೆ. ಕೊರಳಲ್ಲಿ ಇಷ್ಟಲಿಂಗ, ಹಣೆ ತುಂಬ ವಿಭೂತಿ, ದಿನಕ್ಕೆ ಎರಡು ಹೊತ್ತು ಪೂಜೆ. ಆ ಮೊದಲ ಹೊತ್ತಿಗೆ ಊರಿನ ಕಟ್ಟುನಿಟ್ಟಿನ ಮನೆಗಳವರೂ ಹಬ್ಬದ ಗೋಧಿ, ಕಡಲೆಬೇಳೆ ತರುತ್ತಿದ್ದರು. ಅಜ್ಜಿ ಇರುವ ಗಿರಣಿ, ಇಲ್ಲಿ ಬೀಸಿದರೆ ಯೋಚನೆ ಇಲ್ಲ ಅಂತ ಅವರ ನಂಬಿಕೆ. ಆ ನಂಬಿಕೆಯ ಮೇಲೆ ನಮ್ಮ ಗಿರಣಿ ನಿಂತಿತ್ತು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಜಗಳೂರಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಅನ್ನುವುದು ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ಪರ. ನಾನು ಮೊಟ್ಟೆಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಆದರೂ ಬಡಮಕ್ಕಳ ತಟ್ಟೆ, ಬೆಳೆಯುವ ಮೈ, ತಿನ್ನುವವರ ಹಕ್ಕು, ತಿನ್ನದವರಿಗೆ ಬಾಳೆಹಣ್ಣು ಅಂತ ಒಂದೊಂದೇ ಜೋಡಿಸಿ, ಎದುರಿನವರ ಉಸಿರು ನಿಲ್ಲಿಸಿ, ಮೊದಲ ಬಹುಮಾನ ತಂದೆ. ಅಪ್ಪ ಗಿರಣಿಯ ಬಾಗಿಲಲ್ಲೇ ಪ್ರಮಾಣಪತ್ರವನ್ನು ಓದಿದ, ಎರಡನೇ ಸಲವೂ ಓದಿದ.

"ಎಲ್ಲಿ ಹಾಕಾಣ ಅಪ್ಪ? ತಕ್ಕಡಿ ಮೇಲ್ಗಡೆ ಮೊಳೆ ಐತೆ."

"ಟ್ರಂಕಿನಾಗೆ ಹಾಕು."

"ಯಾಕೆ? ಫಸ್ಟ್ ಪ್ರೈಜ್ ಐತೆ."

"ಮೊಟ್ಟೆಯ ಪರ ಅಂತ ಬರ್ದಾರಲ್ಲವ್ವ. ಬೀಸ್ಸಾಕೆ ಬರೋರು ಓದ್ತಾರೆ."

ಅಜ್ಜಿಗೆ ಸಿಟ್ಟು ಬರಲಿಲ್ಲ. ಅವಳಿಗೆ ವಾದ ಅಂದರೆ ಇಷ್ಟ. ಪೂಜೆಯ ಕೋಣೆಯಿಂದಲೇ ಕೇಳಿದಳು.

"ತಿಂದು ಗೊತ್ತಿಲ್ಲದ್ರ ಪರ ಹೆಂಗೆ ಮಾತಾಡಿದ್ಯೇ?"

"ನೋಡಿ ಗೊತ್ತಿಲ್ಲದ ದೇವರ ಪರ ನೀನು ಮಾತಾಡಲ್ವಾ ಅಜ್ಜಿ?"

"ಕೇಳಿದ್ಯೇನೋ, ನಿನ್ನ ಮಗಳು ನನ್ನೇ ಸೋಲಿಸ್ತಾಳೆ" ಅಂತ ಅಪ್ಪನಿಗೆ ಹೇಳಿ ಅಜ್ಜಿ ನಕ್ಕಳು. ಅಪ್ಪ ನಗಲಿಲ್ಲ. ಆ ವಾರವೇ ಚಂದೂ ಹೊನ್ನಾಳಿಯಲ್ಲಿ ತಾಲ್ಲೂಕು ಕ್ರೀಡಾಕೂಟದಲ್ಲಿ, ಬರಿಗಾಲಲ್ಲಿ, ನೂರು ಮತ್ತು ಇನ್ನೂರು ಎರಡನ್ನೂ ಗೆದ್ದು ಬಂದಳು. ಅವಳ ಪ್ರಮಾಣಪತ್ರ ತಕ್ಕಡಿಯ ಮೇಲಿನ ಮೊಳೆಗೆ ಹೋಯಿತು.

ಅಲ್ಲಿಂದ ಮನೆಯ ಗಡಿಯಾರವೇ ಬದಲಾಯಿತು. ಅವಳ ಶಾಲೆಯ ಪಿ.ಟಿ. ಸರ್ ಚನ್ನಗಿರಿಯವರು. ತಾವೂ ಒಂದು ಕಾಲದಲ್ಲಿ ಓಡಿದವರು, ಮಂಡಿ ಕೆಟ್ಟು ನಿಂತವರು. ಬೆಳಿಗ್ಗೆ ಐದೂವರೆಗೆ ಮೊಪೆಡ್ ತಂದು ಮನೆಯ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಸೂರಗೊಂಡನಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಚಂದೂ ಓಡುತ್ತಿದ್ದಳು, ಅವರು ಮೊಪೆಡ್ಡಿನಲ್ಲಿ ಹಿಂದೆ. ಕೊಪ್ಪದ ಜಾತ್ರೆಯ ದಿನಗಳಲ್ಲಿ ಬಿಳಿ ಬಟ್ಟೆ ಉಟ್ಟು, ಮಾಲೆ ಹಾಕಿ ನಡೆದು ಹೋಗುವ ಬಂಜಾರ ಹೆಂಗಸರು ಪಕ್ಕಕ್ಕೆ ಸರಿದು, ಓಡವ್ವಾ ಓಡು ಅನ್ನುತ್ತಿದ್ದರಂತೆ. ನಾನು ಒಂದು ದಿನ ಅದೇ ರಸ್ತೆಯಲ್ಲಿ ಭಾಷಣ ಬಾಯಿಪಾಠ ಮಾಡುತ್ತ ಹೋದೆ. ಯಾರೂ ಏನೂ ಅನ್ನಲಿಲ್ಲ, ಒಬ್ಬಾಕೆ ಮಾತ್ರ ಹುಷಾರಿಲ್ಲವೇನೋ ಅನ್ನುವ ಹಾಗೆ ನೋಡಿದಳು. ಹಾಲಿನ ಕೆನೆ ಚಂದೂಗೆ, ನೆನೆಸಿದ ಕಡಲೆ ಚಂದೂಗೆ, ಫ್ಯಾನಿನ ಕೆಳಗಿನ ಚಾಪೆ ಚಂದೂಗೆ. ಅವಳು ಇದನ್ನು ಕೇಳಲಿಲ್ಲ ಅನ್ನುವುದೇ ನನ್ನನ್ನು ಸುಡುತ್ತಿತ್ತು. ಕೇಳಿದ್ದರೆ ವಿರುದ್ಧ ವಾದಿಸಬಹುದಿತ್ತು. ಅವಳು ಕೆನೆಯಲ್ಲಿ ಅರ್ಧ ತೆಗೆದು ನನ್ನ ಲೋಟಕ್ಕೆ ಹಾಕುತ್ತಿದ್ದಳು. ಇಂಥ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಅಂತ ಪಟ್ಟವರಿಗೇ ಗೊತ್ತು.

ಅವಳು ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋದ ವರ್ಷ, ಹೋಳಿಗೆ ಮಾಡಲು ಜರಡಿ ಬೇಕು ಅಂತ ಅವ್ವ ನನ್ನನ್ನು ಗಿರಣಿಗೆ ಕಳಿಸಿದಳು. ಜರಡಿ ಮೆಕ್ಕೆಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತಿರಬಹುದು ಅಂತ ಕೈ ಹಾಕಿದೆ. ಗುಂಡಗಿನದೇನೋ ಸಿಕ್ಕಿತು. ತೆಗೆದು ನೋಡಿದೆ, ಮೊಟ್ಟೆ. ಒಂದಲ್ಲ, ಒಡೆಯದ ಹಾಗೆ ಹಿಟ್ಟಿನಲ್ಲಿ ಸಾಲಾಗಿ ಹೂತಿದ್ದವು. ಅಪ್ಪ ಗಿರಣಿಯ ಬೆಲ್ಟಿನ ನೆಪದಲ್ಲಿ ವಾರಕ್ಕೊಮ್ಮೆ ಹೊನ್ನಾಳಿಗೆ ಹೋಗುತ್ತಿದ್ದದ್ದು ಆಗ ಅರ್ಥವಾಯಿತು. ನ್ಯಾಮತಿಯ ಯಾವ ಅಂಗಡಿಯಲ್ಲೂ ಅವನು ಮೊಟ್ಟೆ ಕೇಳುವಂತಿರಲಿಲ್ಲ. ಚಹಾಕ್ಕೆ ಅಂತ ತಂದಿಟ್ಟಿದ್ದ ಕರೆಂಟಿನ ಕೆಟಲಿನಲ್ಲಿ ಚಹಾ ಆಗಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅದೂ ಅರ್ಥವಾಯಿತು.

ಅಪ್ಪ ಬಾಗಿಲಲ್ಲಿ ನಿಂತಿದ್ದ. ಮೀಸೆಯ ಮೇಲೆ ಹಿಟ್ಟು.

"ಪಿ.ಟಿ. ಸರ್ ಹೇಳಿದ್ರವ್ವ. ಕಡಲೆ ಹಾಲು ಸಾಲಲ್ಲಂತೆ. ಮೈಗೆ ಬಲ ಬರಾಕೆ ಇದು ಬೇಕಂತೆ."

"ನಾನೂ ಇದನ್ನೇ ಹೇಳಿದ್ದೆ."

"ನೀ ವಾದ ಮಾಡಿದ್ದೆ. ಅವ್ರು ಹೇಳಿದ್ರು."

ಈ ಎರಡರ ನಡುವಿನ ವ್ಯತ್ಯಾಸ ಏನು ಅಂತ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಓಟಗಾರರಿಗೆ ಮೊಟ್ಟೆಯೇ ಬೇಕು ಅನ್ನುವುದಕ್ಕೆ ಏನು ಆಧಾರ ಅಂತ ಪಿ.ಟಿ. ಸರ್ ಅವರನ್ನು ಕೇಳಬಹುದಿತ್ತು. ಆದರೆ ಪರ ಮಾತಾಡಿ ಬಹುಮಾನ ತಂದವಳು ನಾನೇ, ಈಗ ವಿರೋಧ ಹೇಗೆ ಮಾತಾಡಲಿ? ಅಪ್ಪ ಸುಮ್ಮನಿರು ಅಂತಷ್ಟೇ ಹೇಳಲಿಲ್ಲ, ನನಗೊಂದು ಕೆಲಸವನ್ನೂ ಕೊಟ್ಟ. ಸಂಜೆ ಆರರ ಹೊತ್ತಿಗೆ ಚಂದೂ ಓಡಿ ಬಂದು ಗಿರಣಿಯೊಳಗೆ ಮೊಟ್ಟೆ ತಿಂದು ಮುಗಿಸುವವರೆಗೆ ನಾನು ಅಜ್ಜಿಯನ್ನು ಒಳಗೇ ಹಿಡಿದಿಟ್ಟುಕೊಳ್ಳಬೇಕು.

"ನಿನಗೇನು, ವಾದ ಹಾಕ್ಕೊಂಡು ಕೂತ್ಕ. ಆಯಮ್ಮಂಗೂ ಅದೇ ಬೇಕು."

ಹೀಗೆ ನನ್ನ ಬಾಯಿ ಅವಳ ಮೊಟ್ಟೆಗೆ ಕಾವಲಾಯಿತು. ದಿನಾ ಸಂಜೆ ಅಜ್ಜಿಯ ಎದುರು ಕೂತು, ಲಿಂಗಕ್ಕೆ ನೀರು ಹಾಕಿದರೆ ಲಿಂಗಕ್ಕೆ ಗೊತ್ತಾಗುತ್ತಾ, ಸತ್ತ ಮೇಲೆ ಎಲ್ಲಿಗೆ, ಹೆಂಗಸರಿಗೇ ಯಾಕೆ ಇಷ್ಟು ಉಪವಾಸ ಅಂತ ಒಂದೊಂದು ತೆಗೆಯುತ್ತಿದ್ದೆ. ಅಜ್ಜಿಯ ಉತ್ತರಗಳು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. "ಗೊತ್ತಾಗಲಿ ಅಂತ ಹಾಕಲ್ವೇ ಹುಚ್ಚಿ, ನನ್ನ ಕೈಗೆ ಅಭ್ಯಾಸ ತಪ್ಪಬಾರದು ಅಂತ" ಅನ್ನುತ್ತಿದ್ದಳು. ಎದುರಿನವರ ಮಾತನ್ನು ಪೂರ್ತಿ ಕೇಳಿ ಆಮೇಲೆ ಬಾಯಿ ತೆರೆಯುವುದನ್ನು ನಾನು ಕಲಿತದ್ದು ಅಲ್ಲಿ. ಆ ಮನೆಯಲ್ಲಿ ನನ್ನ ಮಾತಿಗಾಗಿ ಕಾಯುತ್ತಿದ್ದವಳು ಅವಳೊಬ್ಬಳೇ. ಅವಳಿಗೇ ನಾನು ದಿನವೂ ಮೋಸ ಮಾಡುತ್ತಿದ್ದೆ, ಅದೂ ಅವಳಿಗೆ ಇಷ್ಟವಾದ ರೀತಿಯಲ್ಲೇ. ಒಂದು ಸಂಜೆ ಕಾವಲು ಮುಗಿಸಿ ಗಿರಣಿಗೆ ಹೋದೆ. ಚಂದೂ ಕೈಕಾಲು ತೊಳೆಯಲು ಹೋಗಿದ್ದಳು. ತಟ್ಟೆಯಲ್ಲಿ ಒಂದು ಉಳಿದಿತ್ತು.

"ಅಪ್ಪ, ನನಗೂ ಒಂದು ಕೊಡು. ರುಚಿ ನೋಡ್ತೀನಿ."

"ಅವಳಿಗೇ ಸಾಲ್ತಿಲ್ಲ. ನಿನಗ್ಯಾಕವ್ವ? ನೀನೇನು ಓಡ್ತೀಯಾ?"

ಗದರಿಸಿದ್ದಲ್ಲ. ಕೆಲಸದ ನಡುವೆ, ತಿರುಗಿ ಕೂಡ ನೋಡದೆ ಹೇಳಿದ್ದು. ಗದರಿಸಿದ್ದರೆ ಅತ್ತು ಮರೆತುಬಿಡುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಪಿ.ಟಿ. ಸರ್ ಒಂದು ಕಾಗದ ಹಿಡಿದುಕೊಂಡು ಬಂದರು. ಬೆಂಗಳೂರಿನಲ್ಲಿ ಕ್ಯಾಂಪಿನ ಆಯ್ಕೆ. ಅಲ್ಲಿ ಗೆದ್ದರೆ ವಸತಿ, ಊಟ, ತರಬೇತಿ, ಸಿಂಥೆಟಿಕ್ ಟ್ರ್ಯಾಕ್. ತಪ್ಪಿದರೆ ಮುಂದಿನ ವರ್ಷ ವಯಸ್ಸು ಮೀರುತ್ತದೆ, ನ್ಯಾಮತಿಯ ರಸ್ತೆಯೇ ಗತಿ. ಹೊರಡಲು ಎರಡು ದಿನ ಇದ್ದಾಗ ಮನೆಯಲ್ಲಿ ಗ್ಯಾಸ್ ಮುಗಿಯಿತು. ಅವ್ವ ಪಕ್ಕದ ಮನೆಗೆ ಸಿಲಿಂಡರ್ ಕೇಳಲು ಹೋದಳು, ಅಪ್ಪ ಬಸ್ಸಿನ ಸೀಟು ಹಿಡಿಸಲು ಹೋಗಿದ್ದ, ಚಂದೂ ಇನ್ನೂ ರಸ್ತೆಯಲ್ಲಿದ್ದಳು. ಅಜ್ಜಿಗೆ ಕೆಮ್ಮು. ಸಂಜೆಯ ಪೂಜೆ ಮುಗಿಸಿ, ವಿದ್ಯಾ, ಒಂದು ಗುಟುಕು ಬಿಸಿನೀರು ಕೊಡೇ ಅಂದಳು.

ಗಿರಣಿಯಲ್ಲಿ ಕೆಟಲಿತ್ತು. ಮೊಟ್ಟೆ ಬೆಂದ ನೀರು ಅದರಲ್ಲೇ ಇತ್ತು. ನಾನು ಮೊಟ್ಟೆಗಳನ್ನು ತೆಗೆದಿಟ್ಟೆ, ನೀರು ಚೆಲ್ಲಿದೆ, ಎರಡು ಸಲ ತೊಳೆದೆ, ಹೊಸ ನೀರು ಹಾಕಿ ಕಾಯಿಸಿದೆ. ನೀರು ಬದಲಿಸಿದ್ದೆ ಅನ್ನುವ ವಾದವನ್ನು ಆಗಲೇ ತಯಾರು ಮಾಡಿ ಇಟ್ಟುಕೊಂಡೆ ಅನ್ನುವುದನ್ನೂ ಇಲ್ಲಿ ಬರೆಯಬೇಕು. ಅಜ್ಜಿ ಲೋಟ ತೆಗೆದುಕೊಂಡು ಊದಿ ಊದಿ ಕುಡಿದಳು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅರ್ಧ ಲೋಟ ಮುಗಿಯುವವರೆಗೆ ಕಾದೆ.

"ಅಜ್ಜಿ, ಅದು ಮೊಟ್ಟೆ ಬೇಯ್ಸೋ ಕೆಟಲಿನ ನೀರು. ಅಪ್ಪ ಚಂದೂಗೆ ದಿನಾ ಬೇಯ್ಸಿ ಕೊಡ್ತಾನೆ, ಗಿರಣಿಯಾಗೆ."

ಅಜ್ಜಿ ಲೋಟವನ್ನು ನೆಲಕ್ಕಿಟ್ಟಳು.

"ಗೊತ್ತಿದ್ದೇ ತಂದ್ಯಾ?"

"ನೀರು ಬದಲಿಸಿದ್ದೆ."

"ಅದನ್ನ ಕೇಳಲಿಲ್ಲ."

ಎದ್ದು ಬಚ್ಚಲಿಗೆ ಹೋದಳು. ಆ ಕೆಮ್ಮಿನಲ್ಲೇ ತಲೆಗೆ ತಣ್ಣೀರು ಸುರಿದುಕೊಂಡ ಸದ್ದು ಕೇಳಿಸಿತು. ಲಿಂಗ ತೊಳೆದು, ಮತ್ತೆ ವಿಭೂತಿ ಹಚ್ಚಿ, ಪೂಜೆಯ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು. ಅಪ್ಪನನ್ನು ಕರೆದು ಉಗಿಯುತ್ತಾಳೆ, ಕೆಟಲು ಬೀದಿಗೆ ಬೀಳುತ್ತದೆ ಅಂತ ನಾನು ಕಾದದ್ದೇ ಬಂತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಮಾರನೆಯ ದಿನವೂ ಹಸಿವಿಲ್ಲ. ಅಪ್ಪ ಡಾಕ್ಟರ ಹತ್ತಿರ ಹೋಗೋಣ ಅಂದ, ಅವ್ವ ಗಂಜಿ ಮಾಡಿದಳು, ಚಂದೂ ಕಾಲು ಒತ್ತಿದಳು. ಸಂಜೆಯ ಹೊತ್ತಿಗೆ ನನಗೇ ತಡೆಯಲಾಗಲಿಲ್ಲ. ತಟ್ಟೆಯ ಮುಂದೆ ಕೂತಿದ್ದ ಮೂವರಿಗೂ ಹೇಳಿಬಿಟ್ಟೆ.

ಅಪ್ಪ ಕೈ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿ, "ಗೆದ್ದೆ ಬಿಡವ್ವ" ಅಂದ.

ಚಂದೂ ಎದ್ದು ಹೋಗಿ, ಕಟ್ಟಿಟ್ಟಿದ್ದ ತನ್ನ ಚೀಲವನ್ನು ಬಿಚ್ಚಿ, ಬೂಟನ್ನು ಮಂಚದ ಕೆಳಗೆ ತಳ್ಳಿದಳು.

"ಅಜ್ಜಿ ಉಣ್ಣಾವರೆಗೂ ನಾ ಎಲ್ಲಿಗೂ ಹೋಗಲ್ಲ."

"ನಾಳೆ ಮಧ್ಯಾಹ್ನ ಬಸ್ಸಲೇ" ಅಂದಳು ಅವ್ವ.

"ಹೋಗ್ಲಿ."

ಅವಳು ಕೂಗಲಿಲ್ಲ, ಅಳಲಿಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು. ನಾನು ಕೆಡಿಸಬೇಕು ಅಂದುಕೊಂಡದ್ದು ಅಪ್ಪನ ಗುಟ್ಟನ್ನು, ಈಗ ಕೆಡುತ್ತಿದ್ದದ್ದು ಅವಳ ಓಟ. ಎದ್ದು ಅಜ್ಜಿಯ ಮುಂದೆ ಹೋಗಿ ಕೂತೆ. ಗಿರಣಿ ನಿಂತಿತ್ತು, ಮನೆ ಎಂದೂ ಇಲ್ಲದಷ್ಟು ಸುಮ್ಮನಿತ್ತು. ಗೆಲ್ಲಲೇಬೇಕಾದ ಒಂದೇ ಒಂದು ಚರ್ಚೆಯನ್ನು ನಾನು ಶುರು ಮಾಡಿದೆ. ತಪ್ಪು ನನ್ನದು, ಚಂದೂದಲ್ಲ. ಅವಳು ನಾಲಿಗೆಯ ಆಸೆಗೆ ತಿಂದವಳಲ್ಲ, ಹೇಳಿದ್ದಕ್ಕೆ ತಿಂದವಳು. ವಯಸ್ಸು ಮೀರಿದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ. ಅರಿವಿಲ್ಲದೆ ಕುಡಿದ ನೀರು ನಿನ್ನ ಪೂಜೆಯನ್ನು ಕೆಡಿಸುತ್ತದೆ ಅನ್ನುವುದಾದರೆ ಆ ಪೂಜೆಯ ಬಲ ಎಷ್ಟು. ನಾಲ್ಕು ಅಂಶಗಳು, ಒಂದಕ್ಕಿಂತ ಒಂದು ಚೂಪು. ಅಜ್ಜಿ ಎಂದಿನಂತೆ ಪೂರ್ತಿ ಕೇಳಿದಳು.

"ಇನ್ನೂ ಐತಾ?"

"ಇಲ್ಲ."

"ಇವೆಲ್ಲ ಚಂದೂನ ಪರ ಆತು. ನಿನ್ನ ಪರ ಏನೈತೆ, ಅದನ್ನ ಹೇಳು."

ನನ್ನ ಬಾಯಿಗೆ ಬಂದದ್ದು ಐದು ವರ್ಷದ ಮಗು ಹೇಳುವಂಥ ಮಾತು.

"ನನಗೆ ಒಂದೂ ಕೊಡಲಿಲ್ಲ ಅಜ್ಜಿ. ಕೇಳಿದ್ರೆ, ನೀನೇನು ಓಡ್ತೀಯಾ ಅಂದ."

ಅಜ್ಜಿ ಅಪ್ಪನನ್ನು ಕೂಗಿದಳು. ಅಪ್ಪ ಹೊಸಿಲ ಹೊರಗೇ ನಿಂತ.

"ಆ ಕೆಟಲು ಗಿರಣಿಯಾಗೆ ಬ್ಯಾಡ. ಹಿತ್ಲಾಗೆ ಮೂರು ಕಲ್ಲಿಡು, ಬೇರೆ ಪಾತ್ರೆ ತಗೊ. ತಿನ್ನಾಕಿ ತಿನ್ಲಿ, ಬಾಯಿ ಮುಕ್ಕಳಿಸಿ ಒಳಗೆ ಬರ್ಲಿ. ಕದ್ದು ಬ್ಯಾಡ. ಕದ್ದದ್ದೇ ನನ್ನ ಗಂಟಲಾಗೆ ಸಿಕ್ಕಿದ್ದು."

"ಯವ್ವಾ, ಬೀಸ್ಸಾಕೆ ಬರೋರು ಏನಂತಾರೆ?"

"ಕೇಳಿದೋರಿಗೆ ಹೌದನ್ನು. ಬಿಡೋರು ಬಿಡ್ಲಿ." ನನ್ನ ಕಡೆ ಬೆರಳು ತೋರಿಸಿದಳು. "ಇನ್ಮ್ಯಾಲೆ ಇವಳೇ ಬೇಯ್ಸಬೇಕು, ಇವಳೇ ಸುಲಿದು ಕೊಡಬೇಕು. ದಿನಾ. ಅವಳು ಈ ಮನಿಯಾಗೆ ಇರಾವರೆಗೂ."

ಆಮೇಲೆ ಅವ್ವನನ್ನು ಕರೆದು ಒಂದು ರೊಟ್ಟಿ ಕೇಳಿದಳು. ಚಂದೂ ಮಂಚದ ಕೆಳಗಿನಿಂದ ಬೂಟು ಎಳೆದ ಸದ್ದು ಪಡಸಾಲೆಯಿಂದ ಕೇಳಿಸಿತು.

ಅಪ್ಪ ಹೆದರಿದ ಹಾಗೆಯೇ ಎರಡು ಮನೆಯವರು ಬೀಸಿಸುವುದನ್ನು ಬಿಟ್ಟರು. ಒಬ್ಬರು ಹಬ್ಬಕ್ಕೆ ಮತ್ತೆ ಬಂದರು, ಇನ್ನೊಬ್ಬರು ಬರಲೇ ಇಲ್ಲ. ಚಂದೂ ಬೆಂಗಳೂರಿನಲ್ಲಿ ಆಯ್ಕೆಯಾದಳು, ಅಲ್ಲಿಂದ ಮುಂದಿನದನ್ನು ಪೇಪರಿನವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ರಜೆಗೆ ಬಂದಾಗಲೆಲ್ಲ ನಾನು ಬೇಯಿಸಿ ಸುಲಿದು ಕೊಟ್ಟೆ, ಹೊಟ್ಟೆ ಉರಿಯುತ್ತಲೇ ಕೊಟ್ಟೆ. ಸುಲಿದು ಕೊಟ್ಟದ್ದರಿಂದ ಹೊಟ್ಟೆಕಿಚ್ಚು ಕರಗಿತು ಅಂತ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಕರಗಲಿಲ್ಲ. ಕಳೆದ ತಿಂಗಳು ಅವಳು ಕ್ಯಾಮೆರಾದ ಮುಂದೆ, ನಮ್ಮಕ್ಕ ನನಗೆ ಮೊಟ್ಟೆ ಸುಲಿದು ಕೊಡ್ತಿದ್ಲು ಅಂದಳು. ಬಂದವರು ನನ್ನ ಕಡೆ ತಿರುಗಿ ಕಣ್ಣು ಒದ್ದೆ ಮಾಡಿಕೊಂಡರು. ನಾನು ತಿದ್ದಲಿಲ್ಲ.

ಆದರೆ ಇದನ್ನೆಲ್ಲ ಬರೆದದ್ದು ಆ ಬಸ್ಸಿನ ದಿನದ ಬೆಳಗಿಗಾಗಿ. ಹಿತ್ತಲಲ್ಲಿ ಮೂರು ಕಲ್ಲು, ತೂತಿನ ಹಳೇ ಊದುಗೊಳವೆ, ಸುಟ್ಟು ಕಪ್ಪಾದ ಪಾತ್ರೆ. ಚಂದೂ ನಿಂತಲ್ಲೇ ಕಾಲು ಎತ್ತಿ ಎತ್ತಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಅಜ್ಜಿ ಬಚ್ಚಲ ಕಟ್ಟೆಯ ಮೇಲೆ ಕೂತು, ತಾನು ಹೇಳಿದಂತೆ ನಾನು ಮಾಡುತ್ತೇನೋ ಇಲ್ಲವೋ ಅಂತ ನೋಡುತ್ತಿದ್ದಳು. ನನಗೆ ಸುಲಿಯಲು ಬರುತ್ತಿರಲಿಲ್ಲ. ಬಿಸಿಗೆ ಬೆರಳು ಸುಟ್ಟಿತು, ಸಿಪ್ಪೆಯ ಜೊತೆ ಬಿಳಿಯ ದೊಡ್ಡ ಚೂರೊಂದು ಕಿತ್ತು ಬಂತು. ಗಾಯವಾದ ಹಾಗಿದ್ದ ಆ ಮೊಟ್ಟೆಯನ್ನು ಚಂದೂ ಎರಡೇ ತುತ್ತಿಗೆ ಮುಗಿಸಿ, ಮುಕ್ಕಳಿಸಿ, ಪಿ.ಟಿ. ಸರ್ ಅವರ ಹಾರ್ನ್ ಕೇಳಿ ಬಾಗಿಲ ಕಡೆ ಓಡಿದಳು.

ಚೂರು ನನ್ನ ಅಂಗೈಯಲ್ಲಿ ಉಳಿದಿತ್ತು. ತಲೆ ಎತ್ತಿ ನೋಡಿದೆ. ಅಜ್ಜಿಯ ಕಣ್ಣು ನನ್ನ ಅಂಗೈಯ ಮೇಲೇ ಇತ್ತು. ಕೊರಳ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ, ಯಾರೋ ಆ ಕಡೆಯಿಂದ ಕರೆದ ಹಾಗೆ, ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಬಾಯಿಗೆ ಹಾಕಿಕೊಂಡು ನುಂಗುವವರೆಗೂ ಈ ಕಡೆ ತಿರುಗಲಿಲ್ಲ.